ಉರ್ಪೊನ ಗೇರ್‌ಬಾಕ್ಸೂ ಬಲಗಾಲೂ

ಉರ್ಪೊ ಟಿರ್ಕೊನೆನ್‌ಗೆ ಈ ಲೋಕದಲ್ಲಿ ಹೆಮ್ಮೆಪಡುವುದಕ್ಕೆ ಇದ್ದದ್ದು ಎರಡೇ ವಸ್ತು. ಒಂದು, ಇಪ್ಪತ್ತಾರು ವರ್ಷ ಹಳೆಯ ಅವನ ಡೀಸೆಲ್ ವ್ಯಾನು. ಇನ್ನೊಂದು, ಆ ವ್ಯಾನಿನ ಬಗ್ಗೆ ಅವನಿಗಿದ್ದ ಜ್ಞಾನ. ಇವುಗಳಲ್ಲಿ ಮೊದಲನೆಯದು ನಿಜವಾಗಿಯೂ ಇತ್ತು.

ಅವನ ಊರಾದ ಕೂಸಿಲಾಹ್ತಿಯಲ್ಲಿ ಮದುವೆಯಾಗಲಿ, ನಾಮಕರಣವಾಗಲಿ, ಯಾರಾದರೂ ತೀರಿಕೊಳ್ಳಲಿ, ಮಡಿಸುವ ಮೇಜು, ಕುರ್ಚಿ, ಎರಡು ದೊಡ್ಡ ಕಾಫಿ ಹಂಡೆ, ಇನ್ನೂರು ಪಿಂಗಾಣಿ ಬಟ್ಟಲು ಇವನ್ನೆಲ್ಲ ಹೇರಿಕೊಂಡು ಹೋಗುವವನು ಉರ್ಪೊ. ಚರ್ಚು ಇರುವುದು ದಿಬ್ಬದ ನೆತ್ತಿಯ ಮೇಲೆ. ಹುಟ್ಟಿದವರೂ ಸತ್ತವರೂ ಆ ದಿಬ್ಬ ಹತ್ತಲೇಬೇಕು, ಅವರ ಹಿಂದೆ ಬಟ್ಟಲುಗಳೂ ಹತ್ತಬೇಕು. ವ್ಯಾನಿಗೆ ಕ್ಲಚ್ಚಿಲ್ಲ, ಗೇರು ತಾನಾಗಿಯೇ ಬದಲಾಗುತ್ತದೆ. ದಿಬ್ಬದ ಬುಡಕ್ಕೆ ಬಂದೊಡನೆ ಉರ್ಪೊ ಆಕ್ಸಿಲರೇಟರನ್ನು ತಳ ಮುಟ್ಟುವಷ್ಟು ತುಳಿಯುತ್ತಿದ್ದ. ಪೆಡಲು ತಳ ಮುಟ್ಟಿದ್ದೇ ತಡ, ಗೇರ್‌ಬಾಕ್ಸು ಒಂದು ಗೇರು ಕೆಳಕ್ಕಿಳಿದು, ಎಂಜಿನ್ನು ಅಬ್ಬರಿಸಿ, ವ್ಯಾನು ಚಂಗನೆ ನೆಗೆಯುತ್ತಿತ್ತು. ಇನ್ನೂರು ಬಟ್ಟಲು ಒಟ್ಟಿಗೆ ಖಣಖಣ ಎನ್ನುತ್ತಿದ್ದವು. ಊರಿನವರು ಆ ಸದ್ದು ಕೇಳಿ ಗಡಿಯಾರ ನೋಡಿಕೊಂಡು ಟೋಪಿ ಹಾಕಿಕೊಳ್ಳುತ್ತಿದ್ದರು.

"ಈ ವಯಸ್ಸಲ್ಲೂ ಹೆಂಗೆ ನೆಗೆಯತ್ತೆ ನೋಡು!" ಎಂದು ಉರ್ಪೊ ಪಕ್ಕದಲ್ಲಿ ಕೂತ ಹೆಂಡತಿ ರೈಲಿಗೆ ಪ್ರತಿ ಸಲವೂ ಹೇಳುತ್ತಿದ್ದ. ರೈಲಿ ಪ್ರತಿ ಸಲವೂ ಬಾಗಿಲಿನ ಹಿಡಿ ಹಿಡಿದುಕೊಂಡಿರುತ್ತಿದ್ದಳು.

ರೈಲಿಯ ತಾಯಿ ಹಿಲ್ಮಾಗೆ ಎಂಬತ್ತನಾಲ್ಕು. ಹಳೇ ಬಟ್ಟೆ ಸೀಳಿ ಮಗ್ಗದಲ್ಲಿ ಜಮಖಾನ ನೇಯುವುದರಲ್ಲಿ ಸುತ್ತಲ ನಾಲ್ಕು ಊರಿಗೆ ಅವಳನ್ನು ಬಿಟ್ಟರೆ ಇನ್ನೊಬ್ಬರಿಲ್ಲ. ಹಿಲ್ಮಾ ನೇಯ್ದ ಜಮಖಾನ ಯಾರ ಮನೆಯಲ್ಲಿದೆಯೋ ಅವರು ಅದನ್ನು ಒಳ್ಳೆಯ ಕೋಣೆಯಲ್ಲಿ ಹಾಸಿ, ಅದರ ಪಕ್ಕದಲ್ಲಿ ನಡೆದುಕೊಂಡು ಹೋಗುತ್ತಾರೆ. ಮದುವೆಯಾದ ಇಪ್ಪತ್ತೇಳು ವರ್ಷಗಳಲ್ಲಿ ಈ ಅತ್ತೆ ಅಳಿಯನೊಡನೆ ಆಡಿದ ಮಾತನ್ನೆಲ್ಲ ಒಟ್ಟುಮಾಡಿದರೆ ಒಂದು ಪೋಸ್ಟ್ ಕಾರ್ಡಿನಲ್ಲಿ ಬರೆದು, ವಿಳಾಸಕ್ಕೂ ಜಾಗ ಉಳಿಸಬಹುದಿತ್ತು. ಹೋದ ಆಗಸ್ಟಿನಲ್ಲಿ ಒಮ್ಮೆ ಅವಳು ಉರ್ಪೊನ ವ್ಯಾನಿನಲ್ಲಿ ಗಂಡನ ಗೋರಿಗೆ ಹೂವಿಡಲು ಹೋಗಿದ್ದಳು. ದಿಬ್ಬದ ನೆತ್ತಿಯಲ್ಲಿ ಇಳಿದಳು, ಓರೆಯಾದ ಟೋಪಿಯನ್ನು ಸರಿಮಾಡಿಕೊಂಡಳು, ವಾಪಸು ಎರಡು ಕಿಲೋಮೀಟರು ನಡೆದುಕೊಂಡೇ ಬಂದಳು. ಅತ್ತೆಗೆ ನಡಿಗೆ ಅಭ್ಯಾಸ ಎಂದು ಉರ್ಪೊ ತಿಳಿದುಕೊಂಡ.

ಆದ್ದರಿಂದ ಮೇ ತಿಂಗಳ ಕೊನೆಯಲ್ಲಿ, ಅವನ ಹುಟ್ಟುಹಬ್ಬದ ದಿನ, ಹಿಲ್ಮಾ ಕಂಕುಳಲ್ಲಿ ಒಂದು ಸುರುಳಿ ಇಟ್ಟುಕೊಂಡು ಬಾಗಿಲಲ್ಲಿ ನಿಂತಾಗ ಉರ್ಪೊ ಬಾಯಲ್ಲಿದ್ದ ಕೇಕನ್ನು ಅಗಿಯುವುದನ್ನೇ ಮರೆತ.

"ನಿನಗೆ," ಎಂದಳು ಹಿಲ್ಮಾ.

"ನನಗಾ?"

"ವ್ಯಾನಿಗೆ. ಮುಂದಿನ ಸೀಟಿನ ಕೆಳಗೆ ಹಾಸೋಕೆ. ನಿನ್ನ ಕಾಲು ತಣ್ಣಗಿರತ್ತಂತೆ, ರೈಲಿ ಹೇಳಿದ್ಲು. ತೆಗೆದು ಪಕ್ಕಕ್ಕಿಟ್ರೆ ನಂಗೆ ಬೇಜಾರಾಗತ್ತೆ."

ನೀಲಿ, ಕೆಂಪು, ಬೂದು ಪಟ್ಟೆಯ ಜಮಖಾನ. ಮೂರು ಬೆರಳು ದಪ್ಪ. ಬಾಗಿಲಿಂದ ಬಾಗಿಲಿಗೆ ಅಳತೆ ತೆಗೆದು ನೇಯ್ದಂತೆ ಕೂತಿತು. ಉರ್ಪೊ ಅದನ್ನು ನೋಡಿ ಕಣ್ಣೊರೆಸಿಕೊಂಡ. ಇಪ್ಪತ್ತೇಳು ವರ್ಷ ಕಾದದ್ದಕ್ಕೆ ಕೊನೆಗೂ ಅತ್ತೆ ತನ್ನನ್ನು ಅಳಿಯನೆಂದು ಒಪ್ಪಿಕೊಂಡಳು ಎಂದು ಅವನಿಗೆ ಸಂತೋಷ ತಡೆಯಲಾಗಲಿಲ್ಲ. ಅಂಥ ಜಮಖಾನದ ಮೇಲೆ ಬೂಟು ಹಾಕಿಕೊಂಡು ಕಾಲಿಡುವುದು ಯಾವ ನ್ಯಾಯ? ಮನೆಯೊಳಗೆ ಬೂಟು ಬಿಡುವ ಹಾಗೆ ಅವನು ಅವತ್ತಿನಿಂದ ವ್ಯಾನಿನ ಬಾಗಿಲಲ್ಲೂ ಬೂಟು ಬಿಡತೊಡಗಿದ. ಉಣ್ಣೆಯ ಕಾಲುಚೀಲದಲ್ಲೇ ವ್ಯಾನು ಓಡಿಸುತ್ತಿದ್ದ. ಪೆಡಲು ಮೊದಲಿಗಿಂತ ಸ್ವಲ್ಪ ಮೆತ್ತಗೆ ಅನ್ನಿಸಿತು. ಬೂಟಿಲ್ಲದ ಕಾಲಿಗೆ ಹಾಗೆ ಅನ್ನಿಸುವುದು ಸಹಜ ಎಂದುಕೊಂಡ.

ಮುಂದಿನ ಸೋಮವಾರ ಹಳೇ ಅಂಚೆ ಮೇಷ್ಟ್ರ ಶವಸಂಸ್ಕಾರ. ಮೇಜು ಕುರ್ಚಿ ಬಟ್ಟಲು ಹೇರಿಕೊಂಡು ಉರ್ಪೊ ದಿಬ್ಬದ ಬುಡಕ್ಕೆ ಬಂದ. ಎಂದಿನಂತೆ ಬಲಗಾಲಿನಿಂದ ಪೆಡಲು ತುಳಿದ. ವ್ಯಾನು ನೆಗೆಯಲಿಲ್ಲ. ಇನ್ನಷ್ಟು ತುಳಿದ. ವ್ಯಾನು ನರಳಿತು. ಗೇರು ಕೆಳಕ್ಕಿಳಿಯಲಿಲ್ಲ, ಎಂಜಿನ್ನು ಬಾಯಿಗೆ ಬಟ್ಟೆ ತುರುಕಿದಂತೆ ಗೊರಗೊರ ಎಂದಿತು, ವೇಗದ ಮುಳ್ಳು ಇಳಿಯುತ್ತ ಇಳಿಯುತ್ತ ಇಪ್ಪತ್ತಕ್ಕೆ ಬಂತು. ಮೊದಲು ಹಾಲಿನ ಲಾರಿ ಅವನನ್ನು ದಾಟಿಕೊಂಡು ಹೋಯಿತು. ಆಮೇಲೆ ಒಂದು ಟ್ರ್ಯಾಕ್ಟರು. ಆಮೇಲೆ ಸೈಕಲ್ ಮೇಲೆ ಪಾದ್ರಿ. ಪಾದ್ರಿ ದಾಟುವಾಗ ಒಳಗೆ ನೋಡಿದರು, ಉರ್ಪೊನ ಮುಖ ಕಂಡು ಪಾಪ ದುಃಖದಲ್ಲಿದ್ದಾನೆಂದುಕೊಂಡು ತಲೆಬಾಗಿಸಿ ಮುಂದೆ ಹೋದರು.

ಕೂಸಿಲಾಹ್ತಿಯ ಚರಿತ್ರೆಯಲ್ಲೇ ಮೊದಲ ಬಾರಿಗೆ ಸತ್ತವರಿಗಿಂತ ಕಾಫಿ ತಡವಾಗಿ ಬಂತು. ನಲವತ್ತು ಜನ ಖಾಲಿ ಗೋಡೆಗೆ ಒರಗಿ ನಿಂತಿದ್ದರು. ಯಾರೂ ಏನೂ ಅನ್ನಲಿಲ್ಲ. ಇಲ್ಲಿ ಯಾರೂ ಏನೂ ಅನ್ನಲಿಲ್ಲವೆಂದರೆ ವಿಷಯ ಗಂಭೀರವಾಗಿದೆ ಎಂದರ್ಥ.

ವ್ಯಾನಿನ ಬಗ್ಗೆ ತನಗಿದ್ದ ಜ್ಞಾನವನ್ನು ಬಳಸಲು ಉರ್ಪೊಗೆ ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವಂತಿರಲಿಲ್ಲ. ಮೂರು ದಿನ ವ್ಯಾನಿನ ಕೆಳಗೆ ಮಲಗಿದ. ಗೇರ್‌ಬಾಕ್ಸಿಗೆ ಕಿವಿಯಿಟ್ಟು ಕೇಳಿದ. ಚಮಚದಿಂದ ತಟ್ಟಿದ. ಊಟಕ್ಕೆ ಕರೆಯಲು ಬಂದ ರೈಲಿಗೆ ಬೂಟಿಲ್ಲದ ಎರಡು ಕಾಲು ಮಾತ್ರ ಕಾಣುತ್ತಿದ್ದವು. ಅವಳು ಆ ಕಾಲುಗಳಿಗೇ ಹೇಳಿ ಹೋಗುತ್ತಿದ್ದಳು.

ಶನಿವಾರ ಸೌನಾದ ಹಬೆಕೋಣೆಯಲ್ಲಿ ಪಕ್ಕದ ಮನೆಯ ಟೌನೊ ಸಿಕ್ಕ. ಟೌನೊ ಮೂವತ್ತೈದು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು, ಓಡುವ ಯಾವ ವಸ್ತುವಿನ ಬಗ್ಗೆಯೂ ಅಭಿಪ್ರಾಯವಿದ್ದವನು. ಇಬ್ಬರೂ ಬೆವರು ಸುರಿಸುತ್ತ ಮೇಲಿನ ಹಲಗೆಯ ಮೇಲೆ ಕೂತಿದ್ದರು.

"ಎಣ್ಣೆ ಮೂಸಿ ನೋಡ್ದ್ಯಾ?" ಎಂದ ಟೌನೊ.

"ಯಾವ ಎಣ್ಣೆ?"

"ಗೇರ್‌ಬಾಕ್ಸ್ ಎಣ್ಣೆ ಮಾರಾಯ, ತಲೆಗೆ ಹಚ್ಕೊಳ್ಳೋದಲ್ಲ. ಸುಟ್ಟ ವಾಸನೆ ಬಂದ್ರೆ ಒಳಗಿನ ಪ್ಲೇಟ್ ಸವೆದಿದೆ ಅಂತ."

"ಮೂಸ್ದೆ. ಸುಟ್ಟಿಲ್ಲ. ಮಟ್ಟಾನೂ ಸರಿಯಾಗಿದೆ. ರುಚೀನೂ ನೋಡ್ದೆ."

ಟೌನೊ ಕಲ್ಲಿನ ಮೇಲೆ ನೀರು ಹಾಕಲು ಎತ್ತಿದ್ದ ಸೌಟನ್ನು ಹಾಗೆಯೇ ಹಿಡಿದುಕೊಂಡ. "ರುಚಿ ನೋಡು ಅಂತ ಯಾರ್ ಹೇಳಿದ್ರು?"

"ಯಾರೂ ಇಲ್ಲ. ನಂಗೇ ಹೊಳೀತು."

"ಹೆಂಗಿತ್ತು?"

"ಎಣ್ಣೆ ಥರಾನೇ ಇತ್ತು."

"ಹಾಗಿದ್ರೆ ಸರಿಯಾಗೇ ಇದೆ," ಎಂದು ಟೌನೊ ತೀರ್ಪು ಕೊಟ್ಟು ನೀರು ಸುರಿದ. "ನಡಿ, ನಾನೇ ಓಡಿಸಿ ನೋಡ್ತೀನಿ. ಬಿಯರ್ ಆಮೇಲೆ."

ಟೌನೊ ವ್ಯಾನಿನ ಬಾಗಿಲು ತೆಗೆದವನು ಎರಡು ಹೆಜ್ಜೆ ಹಿಂದಕ್ಕೆ ಸರಿದ. "ಅಯ್ಯೋ ದೇವರೇ. ಇದು ಹಿಲ್ಮಾ ನೇಯ್ದದ್ದಲ್ವಾ? ನಿನಗೆ ಕೊಟ್ಟಳಾ? ನಿನಗೆ?" ತನ್ನ ಮನೆಯಲ್ಲಿದ್ದ ಹಿಲ್ಮಾಳ ಜಮಖಾನದ ಮೇಲೆ ಅವನು ಹನ್ನೆರಡು ವರ್ಷದಿಂದ ಕಾಲಿಟ್ಟಿರಲಿಲ್ಲ. "ನಾನಂತೂ ತುಳಿಯಲ್ಲಪ್ಪ," ಎಂದು ಅದನ್ನು ಜೋಪಾನವಾಗಿ ಸುತ್ತಿ ಉರ್ಪೊನ ತೊಡೆಯ ಮೇಲಿಟ್ಟ. ದಿಬ್ಬದ ಬುಡದಲ್ಲಿ ಪೆಡಲು ತುಳಿದ. ವ್ಯಾನು ಚಂಗನೆ ನೆಗೆದು ಚರ್ಚಿನ ಮುಂದೆ ನಿಂತಿತು.

"ಏನೂ ಆಗಿಲ್ವಲ್ಲೋ ಇದಕ್ಕೆ!"

ಕೆಳಗೆ ಬಂದು ಜಮಖಾನವನ್ನು ಮೊದಲಿದ್ದ ಹಾಗೆಯೇ ಹಾಸಿ, ಕುಚ್ಚುಗಳನ್ನು ಬೆರಳಿನಿಂದ ಬಾಚಿ, ಟೌನೊ ಪಕ್ಕದ ಸೀಟಿಗೆ ಹೋದ. ಉರ್ಪೊ ಓಡಿಸಿದ. ವ್ಯಾನು ನರಳಿತು, ಗೊರಗೊರ ಎಂದಿತು, ಇಪ್ಪತ್ತಕ್ಕೆ ಇಳಿಯಿತು. ಟೌನೊನ ಮುಖ ಸೌನಾದ ಕೆಂಪು ಹೋಗಿ ಬಿಳಿಚಿಕೊಂಡಿತು. ಅವನು ವ್ಯಾನನ್ನು ನೋಡಲಿಲ್ಲ, ಉರ್ಪೊನನ್ನು ನೋಡಿದ.

ಓದುವವರಿಗೆ ಇಷ್ಟರಲ್ಲಿ ಏನಾದರೂ ಹೊಳೆದಿದ್ದರೆ ದಯವಿಟ್ಟು ಕೂಗಬಾರದು. ಕೂಸಿಲಾಹ್ತಿಯಲ್ಲಿ ಮೂರು ವಾರ ಯಾರಿಗೂ ಹೊಳೆಯಲಿಲ್ಲ, ಅವರೇನೂ ದಡ್ಡರಲ್ಲ. ಬಲ್ಬು ಹೋದರೆ ಬಲ್ಬು ನೋಡುತ್ತಾರೆ, ಗೋಡೆಯ ಮೇಲಿನ ಏಸುವಿನ ಪಟವನ್ನು ಯಾರು ಅನುಮಾನಿಸುತ್ತಾರೆ? ಹಿಲ್ಮಾಳ ಜಮಖಾನವೂ ಅಲ್ಲಿ ಹಾಗೆಯೇ.

ಮೆಕ್ಯಾನಿಕ್ ವೇಯೊ ಎರಡು ದಿನ ವ್ಯಾನನ್ನು ಇಟ್ಟುಕೊಂಡ. ಅವನ ಬೂಟು, ಕೈ, ಹುಬ್ಬು ಎಲ್ಲದರಲ್ಲೂ ಗ್ರೀಸು. ಆದ್ದರಿಂದ ಮೊಟ್ಟಮೊದಲು ಕೈತೊಳೆದುಕೊಂಡು, ಜಮಖಾನವನ್ನು ಹೊರತೆಗೆದು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಆಫೀಸಿನ ಕುರ್ಚಿಯ ಮೇಲಿಟ್ಟ. ಆಮೇಲೆ ಕೆಲಸಕ್ಕೆ ಇಳಿದ. ಪೆಡಲಿನಿಂದ ಗೇರ್‌ಬಾಕ್ಸಿಗೆ ಹೋಗುವ ಕೇಬಲ್ ಅಳೆದ. ರಬ್ಬರ್ ಕೊಳವೆಗಳನ್ನು ಬಗ್ಗಿಸಿ ಬಿರುಕು ಹುಡುಕಿದ. ಎಣ್ಣೆ ಸೋಸುವ ಫಿಲ್ಟರ್ ಬಿಚ್ಚಿದ. ಒಂದು ಡಬ್ಬಿಯ ವಯರನ್ನು ವ್ಯಾನಿಗೆ ಚುಚ್ಚಿದರೆ ಡಬ್ಬಿ 'ದೋಷವಿಲ್ಲ' ಎಂದಿತು. ಮೂರು ಸಲ ದಿಬ್ಬ ಹತ್ತಿಸಿದ, ಮೂರು ಸಲವೂ ವ್ಯಾನು ಮೇಕೆಮರಿಯಂತೆ ನೆಗೆಯಿತು.

"ನಿನ್ನ ಗೇರ್‌ಬಾಕ್ಸು ನನಗಿಂತ ಗಟ್ಟಿಮುಟ್ಟಾಗಿದೆ," ಎಂದ ವೇಯೊ. ಜಮಖಾನವನ್ನು ಮತ್ತೆ ಹಾಸಿದ. "ಈಗ ನೀನು ಓಡ್ಸು. ನಾನು ಪಕ್ಕದಲ್ಲಿ ಕೂತ್ಕೋತೀನಿ." ಕೂರುವ ಮುಂಚೆ ಅವನೂ ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ.

ಉರ್ಪೊ ಓಡಿಸಿದ. ಈ ಸಲ ದಿಬ್ಬದ ಅರ್ಧದಲ್ಲಿ, ಕೈಗಾಡಿ ತಳ್ಳಿಕೊಂಡು ಹತ್ತುತ್ತಿದ್ದ ಅಜ್ಜಿಯೊಬ್ಬಳು ಹಿಂದಿರುಗಿ ನೋಡಿ, ಬೇಕಾದರೆ ತಳ್ಳಲಾ ಎಂಬಂತೆ ಕೈಮಾಡಿದಳು.

ವೇಯೊ ಕೈಯಲ್ಲಿದ್ದ ಬೂಟನ್ನು ತೊಡೆಯ ಮೇಲಿಟ್ಟುಕೊಂಡ. ಆಮೇಲೆ ಹೇಳಿದ: "ಉರ್ಪೊ, ನಾನು ಪೆಡಲಿಂದ ಆಚೆಗೆ ಎಲ್ಲಾ ನೋಡಿದೀನಿ. ಎಲ್ಲಾ ಸರಿಯಾಗಿದೆ. ತೊಂದರೆ ಇರೋದು ಪೆಡಲಿಂದ ಈಚೆಗೆ."

"ಈಚೆಗೆ ಏನಿದೆ?"

"ನೀನು."

ಈ ಒಂದು ಮಾತು ಗ್ಯಾರೇಜಿನಿಂದ ಹೊರಟು ಉರ್ಪೊ ಮನೆ ತಲುಪುವ ಮೊದಲೇ ಅವನ ಅಡಿಗೆಮನೆಗೆ ತಲುಪಿತು. ರೈಲಿ ಬಾಗಿಲಲ್ಲೇ ನಿಂತಿದ್ದಳು.

"ಬಲಗಾಲೆತ್ತು."

ಎತ್ತಿದ.

"ನಗು."

"ಯಾಕೆ?"

"ಪಾರ್ಶ್ವವಾಯು ಹೊಡೆದಿದ್ರೆ ಬಾಯಿ ಸೊಟ್ಟಗಾಗತ್ತಂತೆ. ನಗು ಅಂದೆನಲ್ಲ!"

ಉರ್ಪೊ ನಕ್ಕ. ನಗುವ ಸ್ಥಿತಿಯಲ್ಲಿ ಅವನಿರಲಿಲ್ಲವಾದ್ದರಿಂದ ನಗು ಸೊಟ್ಟಗೇ ಬಂತು. ರೈಲಿ ಎದೆ ಹಿಡಿದುಕೊಂಡಳು. ತೂಕದ ಯಂತ್ರ ತಂದು ನೆಲದ ಮೇಲಿಟ್ಟು, ಕುರ್ಚಿಯಲ್ಲಿ ಕೂತು ಬಲಗಾಲಿನಿಂದ ಒತ್ತಲು ಹೇಳಿದಳು. ಮಾನ ಉಳಿಸಿಕೊಳ್ಳಬೇಕಾಗಿದ್ದ ಉರ್ಪೊ ಎಷ್ಟು ಜೋರಾಗಿ ಒತ್ತಿದನೆಂದರೆ ಯಂತ್ರದ ಗಾಜು ಚಟ್ಟನೆ ಎರಡಾಯಿತು.

"ನೋಡ್ದ್ಯಾ? ಬಲ ಇದೆ!" ಎಂದ.

"ಬಲ ಇದ್ಮೇಲೆ ವ್ಯಾನು ಯಾಕೆ ಹತ್ತಲ್ಲ? ಬಲ ಇದೆ, ವ್ಯಾನು ಸರಿಯಾಗಿದೆ, ಆದ್ರೂ ಹತ್ತಲ್ಲ. ಇದು ಇನ್ನೂ ಕೆಟ್ಟದ್ದು ಕಣೋ!"

ಊರು ತನ್ನ ಪಾಲಿನ ಕೆಲಸ ಮಾಡಿತು. ಅಂಗಡಿಯಲ್ಲಿ ಜನ ಉರ್ಪೊನೊಡನೆ ನಿಧಾನವಾಗಿ, ಗಟ್ಟಿಯಾಗಿ ಮಾತಾಡತೊಡಗಿದರು. "ಇದು—ರೈ—ಬ್ರೆಡ್ಡು—ಉರ್ಪೊ," ಎಂದು ಅಂಗಡಿಯವಳು ಬ್ರೆಡ್ಡನ್ನು ಕಣ್ಣಿನ ಮುಂದೆ ಹಿಡಿದು ತೋರಿಸಿದಳು. ಯಾರೋ ಮೆಟ್ಟಿಲ ಮೇಲೆ ಒಂದು ಊರುಗೋಲು ಇಟ್ಟು ಹೆಸರು ಹೇಳದೆ ಹೋದರು. ತನ್ನ ಅಂಗಳದಲ್ಲಿ ಮೇಯುವ ಮೊಲ ಕೂಡ ತನ್ನನ್ನು ಕಂಡು ಈಗ ಓಡುತ್ತಿಲ್ಲವೆಂದು ಉರ್ಪೊಗೆ ಅನ್ನಿಸಿತು.

ರೈಲಿ ಅವನನ್ನು ಎಳೆದುಕೊಂಡು ಹೋದ ಆರೋಗ್ಯ ಕೇಂದ್ರದ ಡಾಕ್ಟರು ಹೊಸಬಳು, ಚಿಕ್ಕ ವಯಸ್ಸಿನವಳು, ಯಾವುದನ್ನೂ ಹಗುರವಾಗಿ ತೆಗೆದುಕೊಳ್ಳುವವಳಲ್ಲ. ಮೊಣಕಾಲಿಗೆ ಸುತ್ತಿಗೆಯಿಂದ ಟಕ್ಕೆಂದು ತಟ್ಟಿದಳು. ಉರ್ಪೊನ ಬಲಗಾಲು ಚಿಮ್ಮಿ ಎದುರಿಗಿದ್ದ ಕಸದ ಬುಟ್ಟಿಯನ್ನು ಗೋಡೆಗೆ ಹಾರಿಸಿತು.

"ಕಾಲಿಗೆ ಏನೂ ಆಗಿಲ್ಲ," ಎಂದಳು ಬುಟ್ಟಿಯನ್ನು ನೋಡುತ್ತ. "ಮೆಕ್ಯಾನಿಕ್ ಪ್ರಕಾರ ವಾಹನಕ್ಕೂ ಏನೂ ಆಗಿಲ್ಲ. ಆದ್ರೆ ನೀವು ಪೆಡಲನ್ನ ಪೂರ್ತಿ ಒತ್ತಿದ್ದೀನಿ ಅಂತ ಹೇಳ್ತೀರಿ, ಅದು ಪೂರ್ತಿ ಹೋಗಿರಲ್ಲ. ಅಲ್ವಾ?"

"ನಾನು ಪೂರ್ತಿ ಒತ್ತಿರ್ತೀನಿ ಡಾಕ್ಟ್ರೇ. ಎದ್ದು ನಿಂತು ಒತ್ತಿದೀನಿ."

"ಹಾಗಂತ ನಿಮಗೆ ಅನ್ಸತ್ತೆ." ಅವಳು ಏನೋ ಬರೆದುಕೊಂಡಳು. ಡಾಕ್ಟರು ಬರೆಯುವುದನ್ನು ತಲೆಕೆಳಗಾಗಿ ಓದಲು ಉರ್ಪೊ ಪ್ರಯತ್ನಪಟ್ಟ. ಅದನ್ನೂ ಬರೆದುಕೊಂಡಳು. "ಗುರುವಾರ ಬೆಳಿಗ್ಗೆ ಹತ್ತಕ್ಕೆ ಪರೀಕ್ಷಕರು ಬರ್ತಾರೆ. ನೀವು ನಿಮ್ಮ ವ್ಯಾನಲ್ಲೇ ಓಡಿಸಿ ತೋರಿಸ್ಬೇಕು. ಅವರಿಗೆ ಒಪ್ಪಿಗೆ ಆಗ್ಲಿಲ್ಲ ಅಂದ್ರೆ ಲೈಸೆನ್ಸ್ ವಾಪಸ್ ಕೊಡ್ಬೇಕಾಗತ್ತೆ. ನನಗೂ ಬೇರೆ ದಾರಿ ಇಲ್ಲ."

ಲೈಸೆನ್ಸಿಲ್ಲದ ಉರ್ಪೊ ಎಂದರೆ ಏನು? ಕೊಟ್ಟಿಗೆಯಲ್ಲಿ ಇನ್ನೂರು ಬಟ್ಟಲು, ಅರವತ್ತು ಕುರ್ಚಿ, ಅವುಗಳ ನಡುವೆ ಕೂತ ಒಬ್ಬ ಮನುಷ್ಯ. ಅವನಿಗೆ ಬೇರೆ ಕೆಲಸ ಬರುತ್ತಿರಲಿಲ್ಲ, ಕಲಿಯುವ ವಯಸ್ಸೂ ಅಲ್ಲ. ಅಂದು ಸಂಜೆ ಅಡಿಗೆಮನೆಯಲ್ಲಿ ರೈಲಿ ಅಳುತ್ತ ಇದನ್ನೆಲ್ಲ ತಾಯಿಗೆ ಹೇಳುವಾಗ ಉರ್ಪೊ ಮೇಜಿನ ಮೇಲಿನ ಬಟ್ಟೆಯ ಗೆರೆಗಳನ್ನು ಎಣಿಸುತ್ತಿದ್ದ. ಅವನಿಗೆ ನಿಜವಾಗಿಯೂ ಹೆದರಿಕೆಯಾಗಿತ್ತು.

ಹಿಲ್ಮಾಳ ಕೈಯಲ್ಲಿದ್ದ ಬಟ್ಟಲು ತಟ್ಟೆಗೆ ಬಡಿದು ಕಾಫಿ ಚೆಲ್ಲಿತು. ಎಂಬತ್ತನಾಲ್ಕು ವರ್ಷದಲ್ಲಿ ಹಿಲ್ಮಾ ಕಾಫಿ ಚೆಲ್ಲಿದ್ದನ್ನು ಯಾರೂ ಕಂಡಿರಲಿಲ್ಲ. ರೈಲಿ ಅಳುವುದನ್ನು ನಿಲ್ಲಿಸಿದಳು.

"ಲೈಸೆನ್ಸನ್ನೇ ಕಿತ್ಕೊಳ್ತಾರಾ?" ಎಂದಳು ಹಿಲ್ಮಾ.

"ಹೌದಮ್ಮ. ಇವನು ತಲೆ ಕೆಟ್ಟವನು ಅಂತ ಬರೀತಾರೆ."

"ಅಷ್ಟೆಲ್ಲಾ ಯಾಕೆ?" ಎಂದು ಗೊಣಗಿ, ಹಿಲ್ಮಾ ಉಳಿದ ಕಾಫಿಯನ್ನು ಕುಡಿಯದೆ ಎದ್ದು ಹೋದಳು. ಅತ್ತೆಗೆ ತನ್ನ ಮೇಲೆ ಇಷ್ಟೊಂದು ಅಕ್ಕರೆಯಿದೆಯಲ್ಲ ಎಂದು ಆ ಸಂಕಟದಲ್ಲೂ ಹಿಗ್ಗುತ್ತ ಉರ್ಪೊ ಚೆಲ್ಲಿದ ಕಾಫಿ ಒರೆಸಿದ.

ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ ಜಿನುಗು ಮಳೆ. ಹಿಲ್ಮಾ ಕೈಯಲ್ಲಿ ಬಕೆಟ್ಟು, ಬ್ರಷ್ಷು, ಪೈನ್ ಸೋಪಿನ ಡಬ್ಬಿ ಹಿಡಿದು ಅಂಗಳಕ್ಕೆ ಬಂದಳು. ಯಾರನ್ನೂ ಕೇಳದೆ ವ್ಯಾನಿನ ಬಾಗಿಲು ತೆಗೆದು ಜಮಖಾನವನ್ನು ಎಳೆದು ಸುತ್ತಿದಳು.

"ಅಮ್ಮಾ, ಮಳೆ ಬರ್ತಿದೆ! ಇವತ್ತು ಯಾರಾದ್ರೂ ಜಮಖಾನ ತೊಳೀತಾರಾ?" ಎಂದಳು ರೈಲಿ ಕಿಟಕಿಯಿಂದ.

"ಹೇಗಿದ್ರೂ ನೀರಿಗೇ ಹಾಕೋದು," ಎಂದು ಹಿಲ್ಮಾ ಜಮಖಾನವನ್ನು ಕೈಗಾಡಿಗೆ ಕಟ್ಟಿ ಕೆರೆಯ ದಾರಿ ಹಿಡಿದಳು.

ಪರೀಕ್ಷಕ ಕರ್ವೊನೆನ್ ಸರಿಯಾಗಿ ಹತ್ತು ಗಂಟೆಗೆ ಬಂದರು. ಬೂದು ಕೋಟು, ಕೈಯಲ್ಲಿ ಕಾಗದ ಸಿಕ್ಕಿಸಿದ ಹಲಗೆ. ಇಪ್ಪತ್ತು ವರ್ಷದ ಕೆಲಸದಲ್ಲಿ ಮುಖದ ಮೇಲೆ ಏನನ್ನೂ ತೋರಿಸದಿರುವುದನ್ನು ಅಭ್ಯಾಸ ಮಾಡಿಕೊಂಡವರು. ಬೇಲಿಯ ಆಚೆ ಟೌನೊ, ರಸ್ತೆಯ ಆಚೆ ಅಂಗಡಿಯವಳು, ತನ್ನ ಗ್ಯಾರೇಜಿನ ಬಾಗಿಲಲ್ಲಿ ವೇಯೊ, ಎಲ್ಲರೂ ಬೇರೆ ಏನೋ ಕೆಲಸವಿದ್ದಂತೆ ನಿಂತಿದ್ದರು.

"ಹೊರಡಿ," ಎಂದರು ಕರ್ವೊನೆನ್. "ಚರ್ಚಿನವರೆಗೆ."

ಉರ್ಪೊ ಅಭ್ಯಾಸಬಲದಿಂದ ಬೂಟು ಬಿಚ್ಚಿದ. ಕರ್ವೊನೆನ್ ಅದನ್ನು ನೋಡಿ ಏನೋ ಬರೆದುಕೊಂಡರು. ಊರೊಳಗೆ ವ್ಯಾನು ಬೆಣ್ಣೆಯ ಹಾಗೆ ಸಾಗಿತು. ದಿಬ್ಬದ ಬುಡ ಬಂತು. ಉರ್ಪೊಗೆ ಕಂಡದ್ದು ದಿಬ್ಬವಲ್ಲ, ಕೊಟ್ಟಿಗೆಯ ಅರವತ್ತು ಕುರ್ಚಿ. ಮೂರು ವಾರದಿಂದ ಅವನು ದಿಬ್ಬ ಹತ್ತಿಸುತ್ತಿದ್ದ ರೀತಿಯೇ ಬೇರೆಯಾಗಿತ್ತು: ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು, ಹಲ್ಲು ಕಚ್ಚಿ, ಸೀಟಿನಿಂದ ಅರ್ಧ ಮೇಲೆದ್ದು, ತೊಂಬತ್ತೆರಡು ಕಿಲೋ ದೇಹವನ್ನೆಲ್ಲ ಬಲಗಾಲಿಗೆ ಇಳಿಸುವುದು. ಈಗಲೂ ದೇವರ ಹೆಸರು ಹೇಳಿ ಹಾಗೆಯೇ ಮಾಡಿದ.

ಪೆಡಲು ಧಡ್ ಎಂದು ತಗಡಿಗೆ ಬಡಿಯಿತು. ಗೇರು ಇಳಿಯಿತು. ಮೂರು ವಾರ ಅದುಮಿಟ್ಟಿದ್ದ ಎಂಜಿನ್ನು ಬೊಬ್ಬೆ ಹಾಕಿತು. ಕರ್ವೊನೆನ್ನರ ತಲೆ ಸೀಟಿನ ಹಿಂಬದಿಗೆ ಅಂಟಿಕೊಂಡಿತು, ಹಲಗೆ ಹಿಂದಕ್ಕೆ ಹಾರಿ ಕಾಫಿ ಹಂಡೆಯೊಳಗೆ ಠಣ್ಣೆಂದು ಬಿತ್ತು. ಹತ್ತುತ್ತಿದ್ದ ಪಾದ್ರಿ ಹಿಂದೆ ತಿರುಗಿ ನೋಡಿ ಸೈಕಲ್ಲಿನೊಂದಿಗೆ ಪಕ್ಕದ ಹುಲ್ಲಿಗೆ ಇಳಿದುಬಿಟ್ಟರು. "ಆಆಆ!" ಎಂದು ಕೂಗಿದವನು ಉರ್ಪೊ. ಪರೀಕ್ಷೆ ಕೊಡುತ್ತಿರುವವನೇ ಕೂಗಿದ್ದು ಕರ್ವೊನೆನ್ನರ ಇಪ್ಪತ್ತು ವರ್ಷದಲ್ಲಿ ಅದೇ ಮೊದಲು. ವ್ಯಾನು ಚರ್ಚಿನ ಮೆಟ್ಟಿಲ ಮುಂದೆ ನಿಂತಿತು.

ಕರ್ವೊನೆನ್ ಟೈ ಸರಿಮಾಡಿಕೊಂಡರು. "ಐವತ್ತೊಂಬತ್ತು," ಎಂದರು ಒಣಗಿದ ದನಿಯಲ್ಲಿ. "ಇಲ್ಲಿ ವೇಗದ ಮಿತಿ ಅರವತ್ತು. ಕಾಲಿನಲ್ಲಿ ಬಲ ಇಲ್ಲ ಅಂತ ನನಗೆ ಬರೆದು ಕಳಿಸಿದ್ರು."

"ಹೌದು ಸ್ವಾಮಿ."

"ಬರೆದವರನ್ನ ಒಂದು ದಿನ ಇದರಲ್ಲಿ ಕೂರಿಸಿ. ಲೈಸೆನ್ಸ್ ನಿಮ್ಮ ಹತ್ರಾನೇ ಇರ್ಲಿ. ವಾಪಸ್ ನಾನು ನಡೆದುಕೊಂಡು ಹೋಗ್ತೀನಿ."

ಅವರು ಹಂಡೆಯಿಂದ ಹಲಗೆ ತೆಗೆದುಕೊಂಡು, ಹುಲ್ಲಿನಿಂದ ಮೇಲೆ ಬರುತ್ತಿದ್ದ ಪಾದ್ರಿಯ ಕೈಕುಲುಕಿ, ದಿಬ್ಬ ಇಳಿದು ಹೋದರು.

ಉರ್ಪೊ ಅಲ್ಲೇ ಕೂತಿದ್ದ. ಲೈಸೆನ್ಸ್ ಉಳಿದ ಸಂತೋಷ ಇನ್ನೂ ಬಂದಿರಲಿಲ್ಲ, ಕಾಲು ಮಾತ್ರ ನಡುಗುತ್ತಿತ್ತು. ನಡುಗುವ ಕಾಲನ್ನು ನೋಡಲು ಬಗ್ಗಿದ. ಕೆಳಗೆ ಬರಿಯ ತಗಡು. ಕೈಯಿಂದ ಪೆಡಲನ್ನು ಒತ್ತಿದ. ಅದು ಒಂದು ಬೆರಳು ಹೋಯಿತು, ಎರಡು ಬೆರಳು ಹೋಯಿತು, ನಿನ್ನೆ ಎಲ್ಲಿ ನಿಲ್ಲುತ್ತಿತ್ತೋ ಅಲ್ಲಿಂದ ಇನ್ನೂ ಮೂರು ಬೆರಳು ಕೆಳಕ್ಕೆ ಹೋಗಿ ಕಟಕ್ ಎಂದಿತು. ಮೂರು ಬೆರಳು. ಟೌನೊ ಸುತ್ತಿ ತನ್ನ ತೊಡೆಯ ಮೇಲಿಟ್ಟದ್ದು, ವೇಯೊ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಟ್ಟದ್ದು ಒಂದೊಂದಾಗಿ ಅವನ ಕಣ್ಣ ಮುಂದೆ ಬಂದವು. ಉರ್ಪೊನ ಬಾಯಿ ತೆರೆದುಕೊಂಡದ್ದು ಕೆರೆ ತಲುಪುವವರೆಗೂ ಮುಚ್ಚಲಿಲ್ಲ.

ದಾರಿಯುದ್ದಕ್ಕೂ ಅವನಿಗೆ ಒಂದೇ ಚಿಂತೆ. ಲೈಸೆನ್ಸಂತೂ ಉಳಿಯಿತು, ಆದರೆ ಈ ಮಾತನ್ನು ಅತ್ತೆಗೆ ಹೇಗೆ ಹೇಳುವುದು? ಕಾಲು ಬೆಚ್ಚಗಿರಲಿ ಎಂದು ಒಂದು ಇಡೀ ಚಳಿಗಾಲ ಕೂತು ನೇಯ್ದವಳಿಗೆ, ನಿನ್ನ ಪ್ರೀತಿಯೇ ನನ್ನ ಲೈಸೆನ್ಸಿಗೆ ಕುತ್ತು ತಂದಿತ್ತು ಎಂದರೆ ಆ ಜೀವ ತಡೆದುಕೊಳ್ಳುತ್ತದೆಯೇ? ಇಪ್ಪತ್ತೇಳು ವರ್ಷಕ್ಕೊಮ್ಮೆ ಸಿಕ್ಕ ಅಕ್ಕರೆ ಇನ್ನೊಂದು ಇಪ್ಪತ್ತೇಳು ವರ್ಷ ಹೋಗಿಬಿಟ್ಟರೆ?

ಜಮಖಾನ ತೊಳೆಯುವ ಕಟ್ಟೆಯ ಮೇಲೆ ಮಳೆಯಲ್ಲಿ ಹಿಲ್ಮಾ ಒಬ್ಬಳೇ ಇದ್ದಳು. ನೀರು ಹಿಂಡುವ ಎರಡು ಉರುಳೆಯ ಯಂತ್ರಕ್ಕೆ ಜಮಖಾನದ ತುದಿ ಕೊಟ್ಟು ಹಿಡಿ ತಿರುಗಿಸುತ್ತಿದ್ದಳು. ದಪ್ಪ ಜಮಖಾನ ಉರುಳೆಗಳ ನಡುವೆ ಹೋಗದೆ ಸಿಕ್ಕಿಕೊಂಡಿತ್ತು.

"ಅತ್ತೇ," ಎಂದ ಉರ್ಪೊ ಮೆತ್ತಗೆ. "ಲೈಸೆನ್ಸ್ ಹೋಗ್ಲಿಲ್ಲ."

"ಗೊತ್ತಾಯ್ತು. ಇಲ್ಲಿಗೇ ಕೇಳಿಸ್ತು."

"ಅತ್ತೇ, ನಿಮ್ಮ ಮನಸ್ಸಿಗೆ ನೋವು ಮಾಡ್ಬೇಕು ಅಂತ ಅಲ್ಲ. ಇದು ನಿಮ್ಮ ತಪ್ಪಲ್ಲ. ಯಾರಿಗೂ ಗೊತ್ತಾಗಿರ್ಲಿಲ್ಲ. ಈ ಜಮಖಾನ… ಬಹಳ ಚೆನ್ನಾಗಿದೆ… ಆದ್ರೆ ಅದು ಪೆಡಲಿನ ಕೆಳಗೆ—"

"ಮೂರು ಬೆರಳು ಅಡ್ಡ ಬರತ್ತೆ," ಎಂದಳು ಹಿಲ್ಮಾ. "ಎರಡೇ ಸಾಕಾಗಿತ್ತು. ಆದ್ರೆ ನಿನ್ನ ತೂಕ ನೆನಪಾಯ್ತು."

ಉರ್ಪೊ ಕಟ್ಟೆಯ ಬೇಲಿ ಹಿಡಿದುಕೊಂಡ.

"ನೀವು… ಗೊತ್ತಿದ್ದೇ…?"

"ಆಗಸ್ಟಲ್ಲಿ ಆ ದಿಬ್ಬ ಹತ್ತಿದಾಗ ನನ್ನ ಟೋಪಿ ಎಲ್ಲಿ ಹೋಗಿತ್ತು ನೋಡಿದ್ಯಾ? ನನ್ನ ಮಗಳು ಎಷ್ಟೋ ವರ್ಷದಿಂದ ಆ ಸೀಟಲ್ಲಿ ಬಾಗಿಲು ಹಿಡ್ಕೊಂಡು ಕೂತಿದಾಳೆ. ಹೇಳಿದ್ರೆ ಕೇಳ್ತಿದ್ಯಾ? ಗಂಡಸರಿಗೆ ಹೇಳಿ ಪ್ರಯೋಜನ ಇಲ್ಲ. ನಮ್ಮ ಮನೆಯವರ ಕಾರಲ್ಲೂ ಹಾಸಿದ್ದೆ. ಮೂವತ್ತು ವರ್ಷ ಈ ಕಾರಿಗೆ ತ್ರಾಣವೇ ಇಲ್ಲ ಅಂತ ಬೈಕೊಂಡೇ ಓಡಿಸಿದ್ರು. ಎಂಬತ್ತೊಂದಕ್ಕೆ ಹಾಸಿಗೆ ಮೇಲೆ ಸತ್ರು, ರಸ್ತೆ ಮೇಲಲ್ಲ." ಅವಳು ಮುಖದ ಮೇಲಿನ ಮಳೆನೀರನ್ನು ತೋಳಿನಿಂದ ಒರೆಸಿಕೊಂಡಳು. "ಲೈಸೆನ್ಸ್ ತನಕ ಹೋಗತ್ತೆ ಅಂತ ನಂಗೆ ಗೊತ್ತಿರ್ಲಿಲ್ಲ. ನಂಗೆ ನಿದ್ದೆ ಬಂದಿಲ್ಲ. ಅದಕ್ಕೇ ಇವತ್ತು ತೆಗೆ​ದೆ."

ಉರ್ಪೊಗೆ ಈಗ ಆದಷ್ಟು ಆಘಾತ ವ್ಯಾನು ನೆಗೆದಾಗಲೂ ಆಗಿರಲಿಲ್ಲ. ಗ್ಯಾರೇಜು, ತೂಕದ ಯಂತ್ರ, ಸುತ್ತಿಗೆ, ಬೂಟಿಲ್ಲದ ಮೂರು ವಾರ, ಎಲ್ಲವನ್ನೂ ಅವನು ಸಹಿಸಬಲ್ಲವನಾಗಿದ್ದ. ಅವನಿಗೆ ನೋವಾದದ್ದು ಬೇರೆ ಕಾರಣಕ್ಕೆ.

"ನಾನು ಅಂದ್ಕೊಂಡಿದ್ದೆ," ಎಂದ ಬಹಳ ಸಣ್ಣ ದನಿಯಲ್ಲಿ, "ನೀವು ಇಷ್ಟು ವರ್ಷ ಆದ್ಮೇಲೆ… ನನ್ನ ಮೇಲೆ ಪ್ರೀತಿಯಿಂದ ನೇಯ್ದಿರಿ ಅಂತ."

ಹಿಲ್ಮಾ ಯಂತ್ರದ ಹಿಡಿಯನ್ನು ಬಿಟ್ಟು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಇಷ್ಟೊಂದು ದಡ್ಡನನ್ನು ಮಗಳು ಎಲ್ಲಿಂದ ಹುಡುಕಿ ತಂದಳೋ ಎಂಬ ಹಳೆಯ ಪ್ರಶ್ನೆ ಅವಳ ಮುಖದಲ್ಲಿ ಕಾಣಿಸಿತು.

"ಪ್ರೀತಿ ಇಲ್ದೇ ಇದ್ದಿದ್ರೆ ತೆಳ್ಳಗೆ ನೇಯ್ತಿದ್ದೆ," ಎಂದಳು. "ಆ ಕಡೆ ತುದಿ ಹಿಡ್ಕೋ. ಇದು ಯಂತ್ರದಲ್ಲಿ ಹೋಗಲ್ಲ."

ಉರ್ಪೊ ಆ ಕಡೆಯ ತುದಿ ಹಿಡಿದುಕೊಂಡು ಹಿಂಡತೊಡಗಿದ.